ಎದ್ದು ಓಡಾಡುವ ಮಕ್ಕಳ ಪರವಾಗಿ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಸರ್ಕಾರಿ ಮಾಂಟೆಸ್ಸರಿ ಶಾಲೆಗಳನ್ನು ‘ತೆರಿಗೆ ದುಡ್ಡಿನ ಆಟದ ಮನೆ’ ಎಂದು ಜರೆದ ಲೇಖಕರು ಅಲ್ಲಿ ಎಷ್ಟು ಹೊತ್ತು ಕೂತು ನೋಡಿದ್ದರೋ ಕಾಣೆ. ನನ್ನ ಮಗಳು ಅಂಥದೊಂದು ಶಾಲೆಗೆ ಸೇರಿ ನಾಲ್ಕು ವರ್ಷವಾಯಿತು. ಹೋಮ್‌ವರ್ಕ್ ಇಲ್ಲ, ರ‍್ಯಾಂಕ್ ಇಲ್ಲ ಅಂತ ಮೊದಲ ವರ್ಷ ನಾನೂ ನಿದ್ದೆಗೆಟ್ಟವನೇ.

ಒಂದು ಬೆಳಿಗ್ಗೆ ತರಗತಿಯ ಮೂಲೆಯಲ್ಲಿ ಕೂತೆ. ಮೂರು ಸಾವಿರದಿಂದ ಒಂದು ಕಳೆಯಬೇಕಿತ್ತು. ಚಾಪೆ ಹಾಸಿಕೊಂಡ ಮಗಳು ಸಾವಿರ ಮಣಿಗಳ ಘನವೊಂದನ್ನು ಕೊಟ್ಟು ನೂರರ ಹತ್ತು ಹಲಗೆ ತಂದಳು. ಒಂದು ಹಲಗೆ ಕೊಟ್ಟು ಹತ್ತರ ಹತ್ತು ಸರ. ಒಂದು ಸರ ಕೊಟ್ಟು ಹತ್ತು ಬಿಡಿ ಮಣಿ. ಅದರಲ್ಲೊಂದನ್ನು ಎತ್ತಿಟ್ಟಳು. ‘ಪಕ್ಕದ ಮನೆಯಿಂದ ಸಾಲ ತಾ’ ಎಂದು ಏಟು ತಿಂದು ಕಲಿತ ನನಗೆ, ಆ ಸಾಲ ಎಲ್ಲಿಂದ ಬರುತ್ತದೆಂಬುದು ನಲವತ್ತನೇ ವಯಸ್ಸಿನಲ್ಲಿ ಕಣ್ಣಿಗೆ ಬಿತ್ತು.

‘ಶ್ರೀಮಂತರ ಶೋಕಿ’ ಎಂಬ ಮಾತಂತೂ ಇತಿಹಾಸ ಓದದವರದು. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ಮೊದಲ ಶಾಲೆ ತೆರೆದದ್ದು ರೋಮ್‌ನ ಸ್ಯಾನ್ ಲೊರೆಂಜೊದ ಬಡ ಕೂಲಿಕಾರರ ಮಕ್ಕಳಿಗೆ. ಸಿನ್ಸಿನಾಟಿಯ ಸರ್ಕಾರಿ ಶಾಲೆಯಲ್ಲಿ ಈ ಪದ್ಧತಿ 1975ರಿಂದಲೇ ಇದೆ. ಕೈ ಸುಡುವುದು ಖಾಸಗಿ ಮಾಂಟೆಸ್ಸರಿ. ನಮ್ಮಲ್ಲಿ ಲಾಟರಿಯಲ್ಲಿ ಹೆಸರು ಬಂದರಾಯಿತು, ಪ್ರಾಥಮಿಕ ತರಗತಿಗೆ ಫೀ ಇಲ್ಲ.

ದೂರಬೇಕಾದದ್ದು ಬೇರೆಯೇ ಇತ್ತು, ಲೇಖಕರು ಅದನ್ನು ಮುಟ್ಟಲೇ ಇಲ್ಲ. ಮೂರನೇ ತರಗತಿಯಿಂದ ಇಲ್ಲೂ ರಾಜ್ಯದ ಪರೀಕ್ಷೆ ಉಂಟು. ಮಾರ್ಚ್ ಬಂತೆಂದರೆ ಮೂರು ಗಂಟೆಯ ಅಖಂಡ ಕೆಲಸದ ಹೊತ್ತನ್ನು ತುಂಡರಿಸಿ ಮಾದರಿ ಪ್ರಶ್ನೆಪತ್ರಿಕೆ ಹಂಚುತ್ತಾರೆ. ಮಣಿಗಳು ಕಪಾಟು ಸೇರುತ್ತವೆ. ಮಗಳ ಸ್ಪೆಲಿಂಗ್ ಈಗಲೂ ದೇವರಿಗೇ ಪ್ರೀತಿ, ಅದನ್ನು ಒಪ್ಪುತ್ತೇನೆ.