ಬೆಟ್ಟ ಎಂದರೆ ತ್ರಿಕೋನವಲ್ಲ



ಒಂದು ಬೆಟ್ಟದ ಚಿತ್ರ ಬಿಡಿಸಿ ಎಂದರೆ ನೀವು ಏನು ಬಿಡಿಸುತ್ತೀರಿ? ಎರಡು ತ್ರಿಕೋನ, ಅವುಗಳ ನಡುವೆ ಸೂರ್ಯ, ಕೆಳಗೊಂದು ನದಿ. ಯಾದಗಿರಿ, ಶಹಾಪುರ, ಸುರಪುರ, ಯಾವ ಕಡೆಯ ಶಾಲೆಗೆ ಹೋದರೂ ನನಗೆ ಸಿಗುವುದು ಇದೇ ಚಿತ್ರ. ಆದರೆ ಕಿಟಕಿಯ ಹೊರಗಿನ ಬೆಟ್ಟ ಹಾಗಿದೆಯೇ? ಯಾದಗಿರಿಯ ಕೋಟೆ ಬೆಟ್ಟದಲ್ಲಿ ಬಂಡೆಯ ಮೇಲೆ ಬಂಡೆ ಕೂತಿದೆ. ಶಹಾಪುರದ ಬೆಟ್ಟ ಮಲಗಿದ ಬುದ್ಧನಂತೆ ಕಾಣುತ್ತದೆ. ಸುರಪುರದಲ್ಲಂತೂ ಊರೇ ಗುಡ್ಡಗಳ ನಡುವೆ ಇದೆ. ಕಣ್ಣೆದುರಿನ ಬೆಟ್ಟವನ್ನು ನಾವು ಸರಿಯಾಗಿ ನೋಡುತ್ತಿಲ್ಲ ಎಂಬುದೇ ನನ್ನ ದೂರು.

ಮೊಬೈಲಿನಲ್ಲಿ ಕಾರು ಓಡಿಸುವ ಆಟವನ್ನು ನಿಮ್ಮಲ್ಲಿ ಹಲವರು ಆಡಿರುತ್ತೀರಿ. ಅದಕ್ಕಾಗಿ ಮನೆಯಲ್ಲಿ ಬೈಸಿಕೊಂಡೂ ಇರುತ್ತೀರಿ. ನಾನು ಇಂದು ಬೈಯುವುದಿಲ್ಲ. ಅಂಥ ಆಟಗಳಲ್ಲಿ ಒಳ್ಳೆಯವನ್ನು ತಯಾರಿಸುವವರಿಂದ ನಾವು ಕಲಿಯಬೇಕಾದ ಪಾಠವೊಂದಿದೆ.

ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿ ನ್ಯೂರ್ಬರ್ಗ್‌ರಿಂಗ್ ಎಂಬ ಕಾರು ಪಂದ್ಯದ ರಸ್ತೆ ಇದೆ. ಇದು 1927ರಲ್ಲಿ ಆರಂಭವಾಯಿತು. ಇದರ ಉತ್ತರ ಸುತ್ತಿನ ಉದ್ದ ಸುಮಾರು 20.8 ಕಿಲೋಮೀಟರ್. ಇದರಲ್ಲಿ 70ಕ್ಕೂ ಹೆಚ್ಚು ತಿರುವುಗಳಿವೆ. ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. ಪ್ರಸಿದ್ಧ ಚಾಲಕ ಜಾಕಿ ಸ್ಟೀವರ್ಟ್ ಇದನ್ನು ‘ಹಸಿರು ನರಕ’ ಎಂದು ಕರೆದರು. 1976ರ ಆಗಸ್ಟ್ 1ರಂದು ವಿಶ್ವ ಚಾಂಪಿಯನ್ ನಿಕಿ ಲೌಡಾ ಅವರ ಕಾರು ಇಲ್ಲಿ ಅಪಘಾತಕ್ಕೀಡಾಗಿ ಹೊತ್ತಿ ಉರಿಯಿತು. ಅವರು ತೀವ್ರವಾಗಿ ಸುಟ್ಟುಕೊಂಡು ಬದುಕುಳಿದರು. ಆಮೇಲೆ ಫಾರ್ಮುಲಾ ಒನ್ ಪಂದ್ಯ ಈ ಉದ್ದನೆಯ ಸುತ್ತಿನಲ್ಲಿ ನಡೆಯಲಿಲ್ಲ.

ಈ ರಸ್ತೆಯನ್ನು ಕಂಪ್ಯೂಟರಿನೊಳಗೆ ಕಟ್ಟಿದವರು ಅನೇಕರು. 1998ರ ‘ಗ್ರಾಂ ಪ್ರಿ ಲೆಜೆಂಡ್ಸ್’ ಆಟದಲ್ಲಿಯೇ ಇದು ಇತ್ತು. ಆದರೆ ವೇಗವಾಗಿ ಓಡುವ ಕಾರಿಗೆ ರಸ್ತೆಯ ಸಣ್ಣ ಉಬ್ಬು ಕೂಡ ದೊಡ್ಡ ಸಂಗತಿ. ಆದ್ದರಿಂದ 2015ರಲ್ಲಿ ‘ಅಸೆಟ್ಟೊ ಕೋರ್ಸಾ’, ‘ಐರೇಸಿಂಗ್’ ಎಂಬ ಆಟಗಳಿಗೆ ಬಂದ ರಸ್ತೆಯನ್ನು ಲೇಸರ್ ಬೆಳಕಿನಿಂದ ಅಳೆದು ರೂಪಿಸಲಾಗಿತ್ತು.

ಬೆಳಕಿನಿಂದ ಅಳೆಯುವುದು ಹೇಗೆ? ಬಾವಿಯಲ್ಲಿ ಕೂಗಿದರೆ ದನಿ ಮರಳಿ ಬರುತ್ತದಲ್ಲವೇ? ಹಾಗೆಯೇ ಲೇಸರ್ ಬೆಳಕು ಹೋಗಿ, ತಾಗಿ, ಮರಳಿ ಬರುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. 30 ಮೀಟರ್ ದೂರದ ಕಲ್ಲಿಗೆ ತಾಗಿ ಮರಳಲು ಅದಕ್ಕೆ ಬೇಕಾಗುವ ಸಮಯ ಸೆಕೆಂಡಿನ 50 ಲಕ್ಷದ ಒಂದು ಭಾಗ ಮಾತ್ರ! ಆ ಸಮಯದಿಂದ ದೂರ ತಿಳಿಯುತ್ತದೆ. ಹೀಗೆ ಅಳೆದ ಕೋಟಿಗಟ್ಟಲೆ ಚುಕ್ಕೆಗಳು ಸೇರಿ ಪರದೆಯ ಮೇಲೆ ರಸ್ತೆಯಾಗುತ್ತವೆ. ನೋಡಿದಿರಾ? ಒಂದು ಆಟಕ್ಕಾಗಿ ಅವರು ಬೆಟ್ಟದ ರಸ್ತೆಯನ್ನು ಅಂಗುಲ ಅಂಗುಲವಾಗಿ ಅಳೆದರು. ಅಳತೆ ಎಷ್ಟು ನಿಜವೋ ನಕಲು ಅಷ್ಟೇ ನಿಜ. ಇದೇ ಆ ಪಾಠ.

“ಸರ್, ನಮ್ಮ ಬೆಟ್ಟ ಅಳೆಯಲು ಉಪಗ್ರಹ ಇದೆಯಲ್ಲ?” ಎಂದು ನೀವು ಕೇಳಬಹುದು. ನಿಜ. ನಮ್ಮ ಇಸ್ರೋ 2005ರ ಮೇ 5ರಂದು ಹಾರಿಸಿದ ಕಾರ್ಟೊಸ್ಯಾಟ್-1ರಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದೇ ನೆಲವನ್ನು ಎರಡು ಕೋನಗಳಿಂದ ನೋಡಿ, ನಮ್ಮ ಎರಡು ಕಣ್ಣುಗಳಂತೆ, ಎತ್ತರ ತಗ್ಗುಗಳನ್ನು ಅದು ಗುರುತಿಸುತ್ತಿತ್ತು. ಆದರೆ ಸುಮಾರು ಎರಡೂವರೆ ಮೀಟರಿಗಿಂತ ಚಿಕ್ಕ ವಿವರ ಅದರ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ನಿಮ್ಮ ಶಾಲೆಯ ಮುಂದಿನ ಏರು ಎಷ್ಟು ಎಂಬುದನ್ನು ನೆಲಕ್ಕಿಳಿದು ನೀವೇ ಅಳೆಯಬೇಕು.

ಅದಕ್ಕೆ ಲೇಸರ್ ಬೇಕಿಲ್ಲ. ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಸಾಕು. ಅದರಲ್ಲಿ ನೀರು ತುಂಬಿ. ಗಾಳಿಗುಳ್ಳೆ ಇರಬಾರದು. ವಾಹನಗಳು ಓಡಾಡದ ಇಳಿಜಾರಿನಲ್ಲಿ, ಶಿಕ್ಷಕರ ಜೊತೆಗೆ, 5 ಮೀಟರ್ ಅಂತರದಲ್ಲಿ ಎರಡು ಕೋಲು ನೆಟ್ಟಗೆ ಹಿಡಿದು ಪೈಪಿನ ತುದಿಗಳನ್ನು ಅವುಗಳಿಗೆ ಕಟ್ಟಿ. ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನೆಲದಿಂದ ನೀರಿನವರೆಗೆ ಮೇಲಿನ ಕೋಲಿನಲ್ಲಿ 60 ಸೆಂಟಿಮೀಟರ್, ಕೆಳಗಿನ ಕೋಲಿನಲ್ಲಿ 110 ಸೆಂಟಿಮೀಟರ್ ಬಂದರೆ ಏರು 50 ಸೆಂಟಿಮೀಟರ್. ಅಂದರೆ 100 ಮೀಟರಿಗೆ 10 ಮೀಟರ್. ನ್ಯೂರ್ಬರ್ಗ್‌ರಿಂಗಿನ ಅತಿ ಕಡಿದಾದ ಏರು 100 ಮೀಟರಿಗೆ ಸುಮಾರು 17 ಮೀಟರ್. ನಿಮ್ಮೂರಿನದು ಎಷ್ಟು? ಅಳತೆಗಳನ್ನು ಬರೆದಿಟ್ಟುಕೊಂಡು ಹಳೆಯ ರಟ್ಟಿನಿಂದ ಪದರ ಪದರವಾಗಿ ಆ ಇಳಿಜಾರಿನ ಮಾದರಿ ಮಾಡಿ.

ಒಂದು ಎಚ್ಚರಿಕೆಯ ಮಾತು. ಪರದೆಯ ಮೇಲಿನ ಕಾರು ಉರುಳಿದರೆ ಗುಂಡಿ ಒತ್ತಿ ಮತ್ತೆ ಆರಂಭಿಸಬಹುದು. ಲೌಡಾ ಅವರಿಗೆ ಅಂಥ ಗುಂಡಿ ಇರಲಿಲ್ಲ. ನಿಮ್ಮ ಅಣ್ಣನ ಬೈಕಿಗೂ ಇಲ್ಲ.

ಬೆಟ್ಟದ ಒಂದು ಅಂಚನ್ನು ಕಲ್ಲಿಗಾಗಿ ಯಾರೋ ಒಡೆದುಕೊಂಡು ಹೋದರು ಎನ್ನಿ. ತ್ರಿಕೋನ ಬಿಡಿಸುವವರಿಗೆ ಅದು ತಿಳಿಯುವುದೇ ಇಲ್ಲ. ಅಳೆದು ಬರೆದಿಟ್ಟವರಿಗೆ ತಿಳಿಯುತ್ತದೆ, ಅವರು ಕೇಳುತ್ತಾರೆ ಕೂಡ. ಮುಂದಿನ ಸಲ ನಿಮ್ಮ ಶಾಲೆಗೆ ಬಂದಾಗ ಬೆಟ್ಟದ ಚಿತ್ರ ಬಿಡಿಸಲು ಹೇಳುತ್ತೇನೆ. ಅದು ನಿಮ್ಮೂರಿನ ಬೆಟ್ಟವೇ ಆಗಿರಲಿ.