ಕಸದಿಂದ ರಸವೋ, ರಸದಿಂದ ಕಸವೋ

ಶಾಲೆಗಳಲ್ಲಿ ವಾರ್ಷಿಕೋತ್ಸವ, ವಸ್ತುಪ್ರದರ್ಶನಗಳ ಕಾಲ ಬಂತೆಂದರೆ ಮಲೆನಾಡಿನ ಸಣ್ಣ ಪೇಟೆಗಳ ಪುಸ್ತಕದಂಗಡಿಗಳಲ್ಲಿ ವಿಚಿತ್ರವಾದೊಂದು ವ್ಯಾಪಾರ ಕುದುರುತ್ತದೆ. ‘ಕಸದಿಂದ ರಸ’ ಎಂಬ ಸ್ಪರ್ಧೆಗಾಗಿ ಮಕ್ಕಳು ಹೊಸ ಬಣ್ಣದ ಕಾಗದ, ಹೊಸ ಚಾರ್ಟ್ ಶೀಟು, ಮಿರುಗುವ ಪುಡಿ, ಅಂಟಿನ ಬಾಟಲಿ, ಥರ್ಮಾಕೋಲ್ ಹಲಗೆಗಳನ್ನು ಕೊಂಡೊಯ್ಯುತ್ತಾರೆ. ಮನೆಯಲ್ಲಿ ಸಾಕಷ್ಟು ಕಸ ಸಿಗದೇ ಹೋದರೆ ಐಸ್‌ಕ್ರೀಮ್ ಕಡ್ಡಿಗಳ ಹೊಸ ಕಟ್ಟನ್ನೂ, ಎಂದೂ ಚಹಾ ಕಂಡಿರದ ಕಾಗದದ ಲೋಟಗಳನ್ನೂ ದುಡ್ಡು ಕೊಟ್ಟು ತರುವುದುಂಟು. ತಾಯಿ ರಾತ್ರಿಯೆಲ್ಲ ಕುಳಿತು ಅಂಟಿಸುತ್ತಾಳೆ. ಮರುದಿನ ಬಹುಮಾನ. ಮೂರನೆಯ ದಿನ ಆ ಗೋಪುರ, ಹೂದಾನಿ, ಗೊಂಬೆಗಳೆಲ್ಲ ಶಾಲೆಯ ಹಿಂದಿನ ಗುಂಡಿಗೋ ಮನೆಯ ಬಚ್ಚಲೊಲೆಗೋ ಸೇರುತ್ತವೆ.

ಇದರಲ್ಲಿ ಕಾನೂನಿನ ಉಲ್ಲಂಘನೆಯೂ ಸೇರಿದೆಯೆಂಬುದು ಅನೇಕ ಶಿಕ್ಷಕರಿಗೇ ತಿಳಿದಂತಿಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ ತಿಂಗಳಿನಲ್ಲಿ ಪ್ಲಾಸ್ಟಿಕ್ ಕೈಚೀಲ, ಬ್ಯಾನರ್, ತಟ್ಟೆ, ಲೋಟಗಳ ಜೊತೆಗೆ ಥರ್ಮಾಕೋಲಿನ ವಸ್ತುಗಳನ್ನೂ ನಿಷೇಧಿಸಿತು. ಕೇಂದ್ರದ ನಿಯಮ ಜಾರಿಗೆ ಬಂದ 2022ರ ಜುಲೈ 1ರಿಂದ ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ ಇಡೀ ದೇಶದಲ್ಲಿ ನಿಷಿದ್ಧ. ಪರಿಸರ ದಿನಾಚರಣೆಯ ವೇದಿಕೆಯ ಮೇಲೆ ನಿಷೇಧಿತ ವಸ್ತುವಿನಿಂದ ಕೊರೆದ ಅಕ್ಷರಗಳಲ್ಲಿ ‘ಭೂಮಿಯನ್ನು ಉಳಿಸಿ’ ಎಂದು ಬರೆದಿರುವುದನ್ನು ಕಂಡು ನಗಬೇಕೋ ಅಳಬೇಕೋ ಹೇಳುವುದು ಕಷ್ಟ.

ಮಕ್ಕಳ ಕೈಕೆಲಸವನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಕಾಗದ ಮಡಚುವ, ಕತ್ತರಿಸುವ, ಹೊಲಿಯುವ ಬೆರಳುಗಳು ಚುರುಕಾಗುತ್ತವೆ. ಅಂಥ ಬೆರಳುಗಳೇ ಮುಂದೆ ಕಸಿ ಕಟ್ಟುತ್ತವೆ, ಮೆಣಸಿನ ಬಳ್ಳಿ ಹಬ್ಬಿಸುತ್ತವೆ. ಪ್ರಶ್ನೆ ಇರುವುದು ಬೇರೆಡೆ. ಮಾಡಿದ ವಸ್ತು ಮನೆಯಲ್ಲಿ ಬಳಕೆಯಾಗುತ್ತದೆಯೇ? ಬಳಸಿ ಸವೆದ ಮೇಲೆ ಅದು ಮಣ್ಣಿಗೆ ಮರಳುತ್ತದೆಯೇ? ಹಳೆಯ ದಿನಪತ್ರಿಕೆ ಒಂದರಿಂದ ಮಾಡಿದ ಲಕೋಟೆ ಈ ಎರಡೂ ಪರೀಕ್ಷೆಗಳಲ್ಲಿ ಗೆಲ್ಲುತ್ತದೆ. ಅದೇ ಪತ್ರಿಕೆಗೆ ಪ್ಲಾಸ್ಟಿಕ್ ಬಣ್ಣ ಬಳಿದು, ಮಿರುಗುಪುಡಿ ಉದುರಿಸಿ ಮಾಡಿದ ಹೂದಾನಿ ಎರಡರಲ್ಲೂ ಸೋಲುತ್ತದೆ. ಮೊದಲು ಗೊಬ್ಬರವಾಗಬಲ್ಲ ವಸ್ತುವಾಗಿದ್ದ ಕಾಗದ ಹೀಗೆ ಏನೂ ಆಗಲಾರದ ವಸ್ತುವಾಗುತ್ತದೆ.

ಕಾಗದದ ಬೆಲೆಯನ್ನು ಮಲೆನಾಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ದಾಂಡೇಲಿಯಲ್ಲಿ ಕಾಳಿ ನದಿಯ ದಡದಲ್ಲಿ 1950ರ ದಶಕದಲ್ಲಿ ತಲೆಯೆತ್ತಿದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ, ಇವೆರಡೂ ಹಸಿವು ತೀರಿಸಿಕೊಂಡದ್ದು ಇಲ್ಲಿನ ಬಿದಿರಿನಿಂದ, ಅನಂತರ ನೆಡುತೋಪುಗಳ ನೀಲಗಿರಿ, ಅಕೇಶಿಯಾಗಳಿಂದ. ದಾಂಡೇಲಿಯ ಕಾರ್ಖಾನೆಗೆ ಆರಂಭದಲ್ಲಿ ಬಿದಿರು ದೊರೆತದ್ದು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ತೆರಬೇಕಾಯಿತು.

ಉತ್ತರ ಕನ್ನಡದ ಬಿದಿರು ಕ್ಷೀಣಿಸಲು ಕಾರಣವೇನೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಅಧ್ಯಯನಕ್ಕೆ ತೊಡಗಿದಾಗ ಹಳ್ಳಿಗರು ಒಂದು ಮಾತು ಹೇಳಿದರು. ಬಿದಿರಿನ ಹಿಂಡಿಲಿನ ಬುಡದಲ್ಲಿ ತಾನಾಗಿ ಬೆಳೆಯುವ ಮುಳ್ಳಿನ ಹೊದಿಕೆಯನ್ನು ಕಾರ್ಖಾನೆಯ ಕಡೆಯವರು ಕಡಿದು ಚೊಕ್ಕಟ ಮಾಡುತ್ತಾರೆ, ಹಾಗೆ ಮಾಡಿದರೆ ಎಳೆಯ ಕಳಲೆ ದನಗಳ ಪಾಲಾಗುತ್ತದೆ ಎಂದು. ಮುಳ್ಳು ಸವರಿದರೆ ಹಿಂಡಿಲು ಬೇಗ ಬೆಳೆಯುತ್ತದೆಂಬುದು ಅರಣ್ಯಶಾಸ್ತ್ರದ ಪಾಠವಾಗಿತ್ತು. ಕಾಡಿನಲ್ಲಿ ಪರೀಕ್ಷಿಸಿ ನೋಡಿದಾಗ ಹಳ್ಳಿಗರ ಮಾತೇ ನಿಜವೆಂದು ಕಂಡಿತು. ಭದ್ರಾವತಿಯ ಕಾರ್ಖಾನೆ ಸುಮಾರು ಒಂದು ದಶಕದ ಹಿಂದೆ ಉತ್ಪಾದನೆ ನಿಲ್ಲಿಸಿತು. ಅದರ ನೆಡುತೋಪುಗಳ ಗುತ್ತಿಗೆ 2020ರಲ್ಲಿ ಮುಗಿದಾಗ ಅಕೇಶಿಯಾ ಇನ್ನು ಬೇಡವೆಂಬ ದನಿ ಶಿವಮೊಗ್ಗ ಜಿಲ್ಲೆಯಲ್ಲಿ ಗಟ್ಟಿಯಾಗಿಯೇ ಎದ್ದಿತು. ಒಂದು ಮಗ್ಗುಲು ಮಾತ್ರ ಬರೆದು ಎಸೆದ ನೋಟ್‌ಪುಸ್ತಕದ ಹಾಳೆಯ ಹಿಂದೆ ಇಷ್ಟು ಕಥೆಯಿದೆ. ಗಾಂಧೀಜಿ ಬಂದ ಲಕೋಟೆಗಳನ್ನು ಬಿಡಿಸಿ ಒಳಮಗ್ಗುಲಿನಲ್ಲಿ ಬರೆಯುತ್ತಿದ್ದುದನ್ನು ಜಿಪುಣತನವೆಂದು ನಕ್ಕವರೂ ಇದ್ದರು.

ಹಳೆಯ ಕಾಗದಕ್ಕೆ ಹೊಸ ಬಾಳು ಕೊಡುವ ವಿದ್ಯೆ ಕನ್ನಡದ ಮನೆಗಳಿಗೆ ಹೊಸತಲ್ಲ. ಅಜ್ಜಿಯಂದಿರು ಮಾಡುತ್ತಿದ್ದ ಮೆಂತೆ ಬುಟ್ಟಿಯನ್ನು ನೋಡಿದವರು ಇನ್ನೂ ಬಹಳ ಮಂದಿ ಇದ್ದಾರೆ. ರದ್ದಿ ಕಾಗದವನ್ನು ಚೂರು ಮಾಡಿ ಎರಡು ಮೂರು ದಿನ ನೀರಿನಲ್ಲಿ ನೆನೆಹಾಕುವುದು, ದಿನವೂ ನೀರು ಬದಲಿಸುವುದು, ರಾತ್ರಿ ನೆನೆಸಿದ ಒಂದೆರಡು ಹಿಡಿ ಮೆಂತೆಯ ಜೊತೆ ಒರಳಿನಲ್ಲಿ ನುಣ್ಣಗೆ ರುಬ್ಬುವುದು. ಬೋರಲು ಹಾಕಿದ ಕೊಡಪಾನದ ಮೇಲೆ ಒದ್ದೆ ಬಟ್ಟೆ ಹೊದಿಸಿ, ಈ ಹಿಟ್ಟನ್ನು ಬೆರಳು ದಪ್ಪಕ್ಕೆ ಸಮನಾಗಿ ತಟ್ಟಿ ಬಿಸಿಲಿಗಿಡಬೇಕು. ಮೂರು ನಾಲ್ಕು ದಿನಗಳಲ್ಲಿ ಒಣಗಿ ತಾನೇ ಬಿಟ್ಟುಕೊಳ್ಳುತ್ತದೆ. ಕೊಡಪಾನದ ಕಂಠದ ಕಡೆಗೆ ತಟ್ಟಬಾರದು, ತಟ್ಟಿದರೆ ಬುಟ್ಟಿ ಹೊರಬರುವುದಿಲ್ಲ. ಸೀಳು ಬಿಟ್ಟ ಬಿದಿರುಬುಟ್ಟಿಗೂ ಮೊರಕ್ಕೂ ಇದೇ ಹಿಟ್ಟನ್ನು ಮೆತ್ತಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳುತ್ತಿದ್ದರು.

ಈ ಸರಳ ಕೆಲಸದ ಹಿಂದಿನ ವಿಜ್ಞಾನ ವಿದ್ಯಾರ್ಥಿಗಳಿಗೆ ರುಚಿಸಬೇಕು. ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಹೆಣಿಗೆ. ನೆನೆದಾಗ ನಾರುಗಳು ಉಬ್ಬಿ ಬಿಡಿಯಾಗುತ್ತವೆ. ಒಣಗುವಾಗ ಒಂದಕ್ಕೊಂದು ಹತ್ತಿರ ಸರಿದು ಜಲಜನಕದ ಬಂಧಗಳ ಮೂಲಕ ಮತ್ತೆ ಕೂಡಿಕೊಳ್ಳುತ್ತವೆ. ಆದ್ದರಿಂದ ಚೆನ್ನಾಗಿ ರುಬ್ಬಿದ ಕಾಗದಕ್ಕೆ ಅಂಗಡಿಯ ಅಂಟು ಬೇಕಾಗುವುದಿಲ್ಲ. ಮೆಂತೆ ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಗ್ಯಾಲಕ್ಟೋಮನ್ನಾನ್ ಎಂಬ ಲೋಳೆ ಪದಾರ್ಥವಿದ್ದು, ಅದು ನಾರುಗಳ ನಡುವಿನ ಸಂದುಗಳನ್ನು ತುಂಬಿ ಹಿಡಿಯುತ್ತದೆ. ಮೆಂತೆಯ ಕಹಿಯಿಂದಾಗಿ ಹುಳ ದೂರವಿರುತ್ತದೆಂದು ಹಿರಿಯರ ನಂಬಿಕೆ. ಪದೇ ಪದೇ ನೆನೆಸಿ ರುಬ್ಬಿದಂತೆ ನಾರು ಗಿಡ್ಡವಾಗುತ್ತ ಹೋಗುತ್ತದೆ. ಐದಾರು ಬಾರಿಯ ಮರುಬಳಕೆಯ ನಂತರ ಕಾರ್ಖಾನೆಯೂ ಅದರಿಂದ ಗಟ್ಟಿ ಕಾಗದ ತೆಗೆಯಲಾರದು.

ನೀರಿನಿಂದ ಹುಟ್ಟಿದ ಬಂಧ ನೀರಿನಿಂದಲೇ ಬಿಚ್ಚಿಕೊಳ್ಳುತ್ತದೆಂಬುದು ಮಲೆನಾಡಿನಲ್ಲಿ ಸಣ್ಣ ಮಾತಲ್ಲ. ಬಯಲುಸೀಮೆಯ ಪುಸ್ತಕಗಳನ್ನು ನೋಡಿ ಆಷಾಢದಲ್ಲಿ ಕಾಗದದ ಬುಟ್ಟಿ ಮಾಡಹೊರಟರೆ ದೊರೆಯುವುದು ಬೂಷ್ಟಿನ ಬೆಳೆ. ದೀಪಾವಳಿ ಕಳೆದ ಮೇಲಿನ ಒಣಹವೆಯಿಂದ ಶಿವರಾತ್ರಿಯವರೆಗೆ ಇದಕ್ಕೆ ಸರಿಯಾದ ಕಾಲ. ಮಳೆಗಾಲದಲ್ಲಿ ಅಂಥ ಬುಟ್ಟಿಯನ್ನು ನೆಲದಲ್ಲಿಡದೆ ಅಡಿಗೆಮನೆಯ ಅಟ್ಟದಲ್ಲಿ, ಹೊಗೆ ತಾಗುವೆಡೆಯಲ್ಲಿಟ್ಟರೆ ಬಾಳುತ್ತದೆ. ನೆಲಕ್ಕಿಟ್ಟರೆ ಗೆದ್ದಲು ಬಿಡುವುದಿಲ್ಲ. ಪತ್ರಿಕೆಯ ಮಸಿಯ ಕಾರಣದಿಂದ ತಿನ್ನುವ ಪದಾರ್ಥಗಳಿಗಿಂತ ನೂಲು, ಬತ್ತಿ, ಬೀಜದ ಕಾಯಿ, ಕತ್ತಿ ಮಸೆಯುವ ಸಾಮಾನು ಇಡಲು ಅದು ಯೋಗ್ಯ.

ಮಸಿಯ ಮಾತು ಬಂದುದರಿಂದ ಹೇಳಬೇಕು: ಬಿಸಿ ಬಜ್ಜಿ, ಬೋಂಡಾಗಳನ್ನು ಪತ್ರಿಕೆಯಲ್ಲಿ ಕಟ್ಟಿಕೊಡುವುದು ಪ್ಲಾಸ್ಟಿಕ್ಕಿಗೆ ಪರ್ಯಾಯವೇ ಅಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಡಿಸೆಂಬರಿನಲ್ಲಿ ಇದರ ವಿರುದ್ಧ ಎಚ್ಚರಿಕೆ ನೀಡಿದೆ; 2018ರ ನಿಯಮಗಳೂ ಇದನ್ನು ನಿಷೇಧಿಸುತ್ತವೆ. ಎಣ್ಣೆಯ ಮೂಲಕ ಮಸಿಯ ರಾಸಾಯನಿಕಗಳು ತಿಂಡಿಗೆ ಇಳಿಯುತ್ತವೆ. ಬಾಳೆಲೆ, ಮುತ್ತುಗದೆಲೆ, ಅಡಿಕೆ ಹಾಳೆ ಕಾಲ ಬುಡದಲ್ಲೇ ಬಿದ್ದಿರುವ ಸೀಮೆಯಲ್ಲಿ ತಿಂಡಿಗೆ ಕಾಗದವನ್ನು ಹುಡುಕುವ ಅಗತ್ಯವಾದರೂ ಏನು?

ರೈತರಿಗೆ ಇನ್ನೂ ಹತ್ತಿರದ ಉಪಯೋಗವೆಂದರೆ ಸಸಿಯ ಕೊಟ್ಟೆ. ಕೊಟ್ಟೆಯೆಂಬ ಶಬ್ದವೇ ಒಂದು ಇತಿಹಾಸವನ್ನು ಹೊತ್ತಿದೆ. ಕೊಳೆರೋಗದಿಂದ ಅಡಿಕೆ ಗೊನೆಯನ್ನು ಕಾಪಾಡಲು ಕರಡದ ಹುಲ್ಲಿನಿಂದ, ಹಾಳೆಯಿಂದ ಕೊಟ್ಟೆ ಕಟ್ಟುತ್ತಿದ್ದ ಕಾಲ ಹೋಗಿ ಪ್ಲಾಸ್ಟಿಕ್ ಕೊಟ್ಟೆ ಬಂತು. ಸಸಿಗೂ ಕಪ್ಪು ಪ್ಲಾಸ್ಟಿಕ್ ಕೊಟ್ಟೆಯೇ ಗತಿಯಾಯಿತು. ಗಿಡ ನೆಟ್ಟ ಮೇಲೆ ಹರಿದ ಕೊಟ್ಟೆಗಳು ತೋಟದ ಬರೆಯಲ್ಲೂ ಕಾದಿಗೆಯಲ್ಲೂ ವರ್ಷಗಟ್ಟಲೆ ಉಳಿಯುತ್ತವೆ, ವನಮಹೋತ್ಸವದ ಗುಂಡಿಗಳ ಪಕ್ಕದಲ್ಲಂತೂ ರಾಶಿಯೇ. ದಿನಪತ್ರಿಕೆಯ ಪಟ್ಟಿಯನ್ನು ಒಂದು ಬಾಟಲಿಗೆ ಮೂರು ಸುತ್ತು ಸುತ್ತಿ, ತಳವನ್ನು ಒಳಕ್ಕೆ ಮಡಚಿ ಒತ್ತಿ, ಬಾಟಲಿಯನ್ನು ಎಳೆದರೆ ಕಾಗದದ ಕೊಟ್ಟೆ ಸಿದ್ಧ. ಅಂಟು ಬೇಡ, ದಾರ ಬೇಡ. ಮಣ್ಣು, ಮರಳು, ಗೊಬ್ಬರ ತುಂಬಿ ಒಂದಕ್ಕೊಂದು ಒತ್ತಾಗಿ ಹಳೆಯ ಹರಿವಾಣದಲ್ಲಿ ಜೋಡಿಸಿದರೆ ನಿಲ್ಲುತ್ತವೆ. ಸೌತೆ, ಹೀರೆ, ಹಾಗಲ, ಕುಂಬಳಗಳ ಬೇರಿಗೆ ಪೆಟ್ಟಾದರೆ ಸಸಿ ಸೊರಗುತ್ತದೆ. ಈ ಬಳ್ಳಿಗಳನ್ನು ಕೊಟ್ಟೆಯ ಸಮೇತ ನೆಟ್ಟರೆ ಬೇರು ಕಾಗದವನ್ನು ಸೀಳಿಕೊಂಡು ಹೊರಗೆ ಹೋಗುತ್ತದೆ. ಕಾಗದದ ಅಂಚು ಮಣ್ಣಿನಿಂದ ಮೇಲಕ್ಕೆ ಉಳಿದರೆ ಅದು ತೇವವನ್ನು ಹೀರಿ ಬುಡವನ್ನು ಒಣಗಿಸುತ್ತದೆ, ಆದ್ದರಿಂದ ಪೂರ್ತಿ ಮುಚ್ಚಬೇಕು. ಮೂರು ನಾಲ್ಕು ವಾರಗಳಲ್ಲಿ ನೆಡುವ ಸಸಿಗಳಿಗೆ ಮಾತ್ರ ಇದು. ಕಾಳುಮೆಣಸಿನ ಕುಡಿಯಂತೆ ತಿಂಗಳುಗಟ್ಟಲೆ ನರ್ಸರಿಯಲ್ಲಿರಬೇಕಾದ ಗಿಡಕ್ಕೆ ಕಾಗದ ತಾಳದು. ಅಲ್ಲಿ ಹಾಳೆಯನ್ನು ಹೊಲಿದು ಮಾಡಿದ ಕೊಟ್ಟೆಯನ್ನು ಪ್ರಯತ್ನಿಸಬಹುದು.

ಉಳಿದ ಚೂರುಪಾರು ಕಾಗದ ಗೊಬ್ಬರಗುಂಡಿಗೆ ಹೋಗಲಿ, ಆದರೆ ರಾಶಿಯಾಗಿ ಸುರಿಯುವುದು ಬೇಡ. ಕಾಗದದಲ್ಲಿ ಇಂಗಾಲ ಹೆಚ್ಚು, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಸಗಣಿ, ಹಸಿಸೊಪ್ಪುಗಳ ಜೊತೆ ತೆಳುವಾಗಿ ಹರಡಿದರೆ ಮಾತ್ರ ಕಳಿಯುತ್ತದೆ.

ಕಾಗದದಂತೆ ಕಂಡರೂ ಕಾಗದವಲ್ಲದ ವಸ್ತುಗಳನ್ನು ಗುರುತಿಸುವುದು ಮಕ್ಕಳು ಕಲಿಯಬೇಕಾದ ಇನ್ನೊಂದು ಪಾಠ. ಚಹಾದ ಕಾಗದದ ಲೋಟದೊಳಗೆ ಪ್ಲಾಸ್ಟಿಕ್ಕಿನ ತೆಳು ಪದರವಿದೆ. ಹಣ್ಣಿನ ರಸದ ಪೆಟ್ಟಿಗೆಯಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಅಂಟಿಕೊಂಡಿವೆ. ಬಸ್ಸಿನ ಯಂತ್ರದ ಟಿಕೇಟು, ಎಟಿಎಂ ಚೀಟಿಗಳ ನುಣುಪು ಮೈಗೆ ಸಾಮಾನ್ಯವಾಗಿ ಬಿಸ್‌ಫಿನಾಲ್ ಗುಂಪಿನ ರಾಸಾಯನಿಕ ಲೇಪಿಸಿರುತ್ತಾರೆ. ಬುಟ್ಟಿಯ ಹಿಟ್ಟಿಗೂ ಗೊಬ್ಬರಕ್ಕೂ ಅದು ಸಲ್ಲದು. ಮದುವೆಯ ಕರೆಯೋಲೆಯನ್ನು ಹರಿದು ನೋಡಬೇಕು. ನಾರು ನಾರಾಗಿ ಹರಿದರೆ ಕಾಗದ. ಹರಿದ ಅಂಚಿನಲ್ಲಿ ಪೊರೆ ಎಳೆದುಕೊಂಡು ಬಂದರೆ ಪ್ಲಾಸ್ಟಿಕ್.

ಇವೆಲ್ಲ ಕೊನೆಗೆ ಹೋಗಿ ಸೇರುವ ಸ್ಥಳ ಮಲೆನಾಡಿನಲ್ಲಿ ಒಂದೇ, ಬಚ್ಚಲೊಲೆ. ಗ್ರಾಮ ಪಂಚಾಯತಿಗಳ ಕಸದ ವಾಹನ ಈಗ ಅನೇಕ ಊರುಗಳಿಗೆ ಬರುತ್ತಿದೆ, ಎಷ್ಟೋ ಕಡೆ ಮಹಿಳೆಯರೇ ಅದನ್ನು ನಡೆಸುತ್ತಿದ್ದಾರೆ. ಆದರೆ ಗುಡ್ಡಕ್ಕೊಂದು, ಕಣಿವೆಗೊಂದು ಮನೆಯಿರುವ ಸೀಮೆಯಲ್ಲಿ ಅದು ಎಲ್ಲ ಅಂಗಳಗಳಿಗೂ ತಲಪುವುದಿಲ್ಲ. ಹಾಗಾಗಿ ಸ್ನಾನದ ನೀರು ಕಾಯುವ ಹಂಡೆಯ ಕೆಳಗೆ ಎಣ್ಣೆಯ ಪ್ಯಾಕೆಟ್ಟು, ಬಿಸ್ಕತ್ತಿನ ಹೊದಿಕೆ, ಮಿರುಗುವ ಕಾಗದಗಳೆಲ್ಲ ಉರಿಯುತ್ತವೆ. ಹೊಗೆಯನ್ನು ಕುಡಿಯುವವರು ಮನೆಯ ಹೆಂಗಸರು, ಮಕ್ಕಳು. ಪಿವಿಸಿಯಂಥ ವಸ್ತು ಕಡಿಮೆ ಉಷ್ಣದಲ್ಲಿ ಉರಿದಾಗ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಆ ಒಲೆಯ ಬೂದಿ ಬಸಳೆಯ ಬುಡಕ್ಕೆ ಹೋಗುತ್ತದೆ! ಸ್ಪರ್ಧೆಗಾಗಿ ಮಾಡಿದ ಥರ್ಮಾಕೋಲಿನ ಗುಡಿಯೂ ಇದೇ ದಾರಿ ಹಿಡಿಯುವುದರಿಂದಲೇ ಶಾಲೆಯ ಕೈಕೆಲಸ ಬರೀ ಶಾಲೆಯ ವಿಷಯವಾಗಿ ಉಳಿದಿಲ್ಲ.

ಮಾದರಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬಂದು ಮುಗಿಸುವ ಕವಂದಿಯಲ್ಲಿ ಬೇಕೆಂದು ಕೊಂಡ ಹೊಸಬಟ್ಟೆ ಕಡಿಮೆ. ಅದು ಮೊದಲು ಹೊದಿಕೆ, ಆಮೇಲೆ ಕಲೆ. ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಬಿದಿರುಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಚಿತ್ತಾರ ಬರೆಯುತ್ತಾರೆ. ಆ ಭೂಮಣ್ಣಿ ಬುಟ್ಟಿ ಗದ್ದೆಗೆ ಚರಗ ಹೊತ್ತೊಯ್ಯುತ್ತದೆ. ಅದರಲ್ಲಿ ಮಣ್ಣಿಗೆ ಮರಳದ ಒಂದು ಕಣವೂ ಇಲ್ಲ. ಈ ಹೆಂಗಸರಲ್ಲಿ ಒಬ್ಬರನ್ನು ಕರೆದು ಶಾಲೆಯಲ್ಲಿ ಅರ್ಧ ದಿನ ಕೂರಿಸಿದರೆ ಮಕ್ಕಳು ಕಲಿಯುವಷ್ಟನ್ನು ಅಂಗಡಿಯಿಂದ ತಂದ ಕೈಕೆಲಸದ ಪೆಟ್ಟಿಗೆ ಕಲಿಸಲಾರದು. ಅವರಿಗೆ ದಿನದ ಕೂಲಿಯನ್ನು ಗೌರವದಿಂದ ಕೊಡಬೇಕೆಂಬುದನ್ನು ಮರೆಯಬಾರದು.

ಶಾಲಾಭಿವೃದ್ಧಿ ಸಮಿತಿಗಳು ಮನಸ್ಸು ಮಾಡಿದರೆ ಸ್ಪರ್ಧೆಯ ನಿಯಮವನ್ನು ಬದಲಿಸುವುದು ಕಷ್ಟವಲ್ಲ. ಅಂಗಡಿಯಿಂದ ಒಂದು ರೂಪಾಯಿಯ ಸಾಮಾನೂ ತರುವಂತಿಲ್ಲವೆಂಬುದು ಮೊದಲ ನಿಯಮ. ಅಂಟು ಬೇಕಾದರೆ ಮೈದಾ ಕುದಿಸಿದ ಸರಿಯೋ ಹುಣಸೆಬೀಜದ ಅಂಟೋ ಇರಲಿ. ಬಹುಮಾನವನ್ನು ಆ ದಿನವೇ ಘೋಷಿಸುವುದು ಬೇಡ. ಮಾಘದಲ್ಲಿ ಮಾಡಿದ ಬುಟ್ಟಿ, ಚೀಲ, ಕೊಟ್ಟೆಗಳನ್ನು ಮಕ್ಕಳು ಮನೆಗೆ ಒಯ್ದು ಬಳಸಲಿ. ಒಂದು ಮಳೆಗಾಲ ದಾಟಿದ ಮೇಲೆ ನವರಾತ್ರಿಯ ಹೊತ್ತಿಗೆ ಮತ್ತೆ ತರಲಿ. ಬೂಷ್ಟು ಹಿಡಿದದ್ದು ಯಾವುದು, ಗೆದ್ದಲು ತಿಂದದ್ದು ಯಾವುದು, ಅಟ್ಟದ ಮೇಲಿದ್ದುದಕ್ಕೂ ಜಗಲಿಯಲ್ಲಿದ್ದುದಕ್ಕೂ ವ್ಯತ್ಯಾಸವೇನು ಎಂದು ಬರೆದಿಟ್ಟುಕೊಂಡರೆ ವಿಜ್ಞಾನದ ಮೇಷ್ಟ್ರಿಗೆ ಬೇರೆ ಪ್ರಯೋಗ ಬೇಕಾಗದು. ಕಾಗದದ ಕೊಟ್ಟೆಯಲ್ಲಿ ಬಿತ್ತಿದ ಮೊಗೆಸೌತೆಗಂತೂ ಬಹುಮಾನವನ್ನು ಕಾಯಿ ಎಣಿಸಿಯೇ ಕೊಡಬಹುದು.