ಬೀಗ ಒಡೆಸಿದವರಿಗೆ

"ಅವರು ಬಂದಿಲ್ಲ, ಇವತ್ತೊಂದು ದಿನ ನೀವೇ ನೋಡ್ಕೊಳ್ಳಿ ಅಮ್ಮ." ದುಡಿಯುವ ಹೆಂಗಸರಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಒಂದು ದಿನ ಅಂದದ್ದು ವಾರವಾಗುತ್ತದೆ, ವಾರ ವರ್ಷವಾಗುತ್ತದೆ. ಬಾರದವರ ಸಂಬಳ ಕೊಡುವವನ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಅವರ ಕೆಲಸ ಮಾತ್ರ ಬಂದವರ ಹೆಗಲಿಗೆ ಬೀಳುತ್ತದೆ. ಇದನ್ನು ಸಹಕಾರ ಅನ್ನುತ್ತಾರೆ. ನಾನು ಕಳ್ಳತನ ಅನ್ನುತ್ತೇನೆ.

ಸರ್ಕಾರವೇ ಇದನ್ನು ಮಾಡಿದ ಬಗೆ ನೋಡಿ. 2023ರ ಡಿಸೆಂಬರ್ 12ರಂದು ಆಂಧ್ರದ ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಮುಷ್ಕರಕ್ಕೆ ಇಳಿದರು. ಆಗ ಕಾರ್ಯಕರ್ತೆಗೆ ತಿಂಗಳಿಗೆ 11,500 ರೂಪಾಯಿ, ಸಹಾಯಕಿಗೆ 7,000. ಅವರು ಕೇಳಿದ್ದು 26,000. ವಿಶಾಖಪಟ್ಟಣದಿಂದ ವಿಜಯವಾಡದವರೆಗೆ ಬೀದಿಗಳಲ್ಲಿ ಧರಣಿ ಕೂತರು. ಆಗ ಸರ್ಕಾರ ಗ್ರಾಮ, ವಾರ್ಡ್ ಸಚಿವಾಲಯಗಳೆಂಬ ಸ್ಥಳೀಯ ಕಚೇರಿಗಳ ಸಿಬ್ಬಂದಿಯನ್ನು ಕಳಿಸಿ ಅಂಗನವಾಡಿ ಕೇಂದ್ರಗಳ ಬೀಗ ಒಡೆಸಿತು. ಇನ್ನು ನೀವೇ ನಡೆಸಿ ಎಂದಿತು.

ಬೀಗ ಒಡೆದ ಬಾಗಿಲಲ್ಲಿ ನಿಂತ ಸಚಿವಾಲಯದ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಅರ್ಜಿ, ಸರ್ವೆ, ದಾಖಲೆಗಳೆಲ್ಲ ಅವಳ ಮೇಜಿನ ಮೇಲೆ ಹಾಗೇ ಬಿದ್ದಿವೆ. ಈಗ ಅದರ ಜೊತೆಗೆ ಚಾಪೆ ಹಾಸಬೇಕು, ಮೊಟ್ಟೆ ಬೇಯಿಸಬೇಕು, ಅಳುವ ಮಗುವನ್ನು ತಕ್ಕಡಿಯಲ್ಲಿ ಕೂರಿಸಿ ತೂಗಬೇಕು, ಆ ತೂಕವನ್ನು ಮೊಬೈಲಿಗೆ ತುಂಬಬೇಕು. ಯಾವ ಮಗುವಿನ ತಾಯಿ ಬೆಳಗಾಗುವ ಮೊದಲೇ ಕೂಲಿಗೆ ಹೋಗುತ್ತಾಳೆ, ಯಾವ ಬಸುರಿಗೆ ರಕ್ತ ಕಡಿಮೆ ಇದೆ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು? ಅದು ವರ್ಷಗಟ್ಟಲೆ ಮನೆಮನೆ ತಿರುಗಿ ಕಲಿತ ವಿದ್ಯೆ. ಯಾರನ್ನೋ ತಂದು ನಿಲ್ಲಿಸಿದರೆ ನಡೆಯುವ ಕೆಲಸ ಇದು ಎಂದು ತೋರಿಸುವುದೇ ಆಳುವವರ ಉದ್ದೇಶವಾಗಿತ್ತು. ಅರೆಹೊಟ್ಟೆಯ ಒಬ್ಬ ಹೆಂಗಸಿನ ಹೊಟ್ಟೆಯ ಮೇಲೆ ಹೊಡೆಯಲು, ಆಗಲೇ ಬೆನ್ನು ಬಾಗಿದ ಇನ್ನೊಬ್ಬ ಹೆಂಗಸಿನ ಕೈಯನ್ನು ಬಳಸಿಕೊಂಡರು. ಇದಕ್ಕಿಂತ ನೀಚತನ ಬೇರೆ ಇಲ್ಲ.

2024ರ ಜನವರಿ 6ರಂದು ಎಸ್ಮಾ, ಅಂದರೆ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ, ಬಂತು. ಅಂಗನವಾಡಿ ಅತ್ಯಗತ್ಯ ಸೇವೆ, ಮುಷ್ಕರ ಮಾಡುವಂತಿಲ್ಲ ಎಂದರು. ಆದರೆ ನಮ್ಮದೇ ಕರ್ನಾಟಕ ಸರ್ಕಾರ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ನೌಕರರಲ್ಲ ಎಂದು 2006ರಲ್ಲಿ ತೀರ್ಪು ಪಡೆದುಕೊಂಡಿತ್ತು. ಸಂಬಳ ಕೇಳಿದಾಗ ನೌಕರಳಲ್ಲ, ಗೌರವಧನ ಪಡೆಯುವ ಸೇವಕಿ. ಕೆಲಸ ನಿಲ್ಲಿಸಿದಾಗ ಮಾತ್ರ ಅವಳಿಲ್ಲದೆ ರಾಜ್ಯ ನಡೆಯುವುದಿಲ್ಲ! ವಿಶಾಖಪಟ್ಟಣದ ಗಾಜುವಾಕದ ಕಾರ್ಖಾನೆಯ ಕಾರ್ಮಿಕ ಹೆಚ್ಚು ಹೊತ್ತು ದುಡಿದರೆ ಎರಡು ಪಟ್ಟು ಕೂಲಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಆ ಕಾಯ್ದೆಯೂ ಎಷ್ಟೋ ಕಡೆ ಕಾಗದದಲ್ಲೇ ಉಳಿಯಿತು, ಅದು ಬೇರೆ ಮಾತು. ಅಂಗನವಾಡಿಯವಳಿಗೆ ಆ ಕಾಗದವೂ ಇರಲಿಲ್ಲ.

ಮುಷ್ಕರ 42 ದಿನ ನಡೆಯಿತು. ಒಡೆದ ಬೀಗಗಳಿಗಾಗಲೀ ಎಸ್ಮಾಕ್ಕಾಗಲೀ ಆ ಹೆಂಗಸರು ಹೆದರಲಿಲ್ಲ.

ಆಂಧ್ರದ ಕತೆ ನಮಗ್ಯಾಕೆ ಅನ್ನಬೇಡಿ. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದ ಮೊದಲ ತಾಲ್ಲೂಕುಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಇಲ್ಲಿಯೂ ಪಕ್ಕದೂರಿನ ಕಾರ್ಯಕರ್ತೆ ನಿವೃತ್ತಳಾದರೆ, ಹೆರಿಗೆಗೆ ಹೋದರೆ, ಆ ಕೇಂದ್ರದ ಪ್ರಭಾರ ಇವಳ ಕೊರಳಿಗೆ ಬೀಳುತ್ತದೆ. ಎರಡು ಕೇಂದ್ರ, ಎರಡು ರಿಜಿಸ್ಟರ್, ಎರಡು ಊರಿನ ಮಕ್ಕಳು. ಎರಡು ಗೌರವಧನ ಮಾತ್ರ ಸಿಗುವುದಿಲ್ಲ. ಸಹಾಯಕಿ ಬಾರದ ದಿನ ಪಾಠವೂ ಅವಳದೇ, ಸೌಟೂ ಅವಳದೇ.

ಆದ್ದರಿಂದ ಅಕ್ಕತಂಗಿಯರೇ, ಇನ್ನೊಬ್ಬಳ ಕೆಲಸ ನಿಮ್ಮ ತಲೆಗೆ ಕಟ್ಟಲು ಬಂದ ಅಧಿಕಾರಿಯನ್ನು ಕೇಳಿ: ಆದೇಶವನ್ನು ಬರವಣಿಗೆಯಲ್ಲಿ ಕೊಡಿ, ಕೂಲಿ ಎಷ್ಟೆಂದು ಅದರಲ್ಲೇ ಬರೆಯಿರಿ. ಬರೆಯದಿದ್ದರೆ ಆ ಬೀಗ ಮುಟ್ಟಬೇಡಿ.